ಬಳಿದ ಬಣ್ಣ, ಆದ ಬಣ್ಣ

ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯದ ಕರಡಿನಲ್ಲಿ ಒಂದು ವಾಕ್ಯವಿತ್ತು: ‘ಈ ವಿಮಾನದ ಹೊಟ್ಟೆಯ ಭಾಗಕ್ಕೆ ಹಸಿರು ಛಾಯೆಯ ನೀಲಿ ಬಳಿದಿದ್ದರು.’ ಎರಡನೇ ಮಹಾಯುದ್ಧದಲ್ಲಿ ಬಿದ್ದು, ದಶಕಗಳ ನಂತರ ಜೌಗು ನೆಲದಿಂದ ಮೇಲೆತ್ತಿದ ಸೋವಿಯತ್ ಫೈಟರ್ ವಿಮಾನವೊಂದರ ತಗಡಿನ ಫೋಟೋ ನೋಡಿ ಬರೆದದ್ದು. ಬಣ್ಣ ಎದ್ದು ಕಾಣುತ್ತಿತ್ತು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕರಡು ಓದಿದ ಗೈಡ್ ಮೇಡಂ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡೇ ಪದ ಬರೆದಿದ್ದರು: ‘ಬಳಿದಿದ್ದರೋ? ಆಯಿತೋ?’

ಆ ಎರಡು ಪದ ನನ್ನ ಒಂದು ವರ್ಷ ತಿಂದವು.

ವಿಮಾನದ ಬಣ್ಣ ಯಾವುದಾದರೇನು, ಮಾದರಿ ವಿಮಾನ ಮಾಡುವ ಹವ್ಯಾಸಿಗಳ ಚಪಲವಲ್ಲವೇ ಇದು ಎಂದು ಹಾಸ್ಟೆಲಿನ ಗೆಳೆಯರು ಕೇಳುತ್ತಾರೆ. ಅರ್ಧ ನಿಜ. ಆದರೆ ರಷ್ಯಾದಲ್ಲಿ ಇವತ್ತಿಗೂ ಸ್ವಯಂಸೇವಕರ ಶೋಧ ತಂಡಗಳು ಕಾಡು, ಜೌಗು, ಸರೋವರಗಳಲ್ಲಿ ಬಿದ್ದ ವಿಮಾನಗಳನ್ನು ಹುಡುಕುತ್ತಿವೆ. ಒಳಗೆ ಅನೇಕ ಸಲ ಪೈಲಟ್‌ನ ಅಸ್ಥಿಯೂ ಇರುತ್ತದೆ; ಕಡತದಲ್ಲಿ ಆತ ‘ಕಾಣೆಯಾದವನು’. ಎಂಜಿನ್ನಿನ ಮೇಲೆ ಅಚ್ಚಾದ ಸಂಖ್ಯೆ ಸಿಕ್ಕರೆ ಗುರುತು ಸುಲಭ. ಸಿಗದಿದ್ದರೆ ಪಕ್ಕೆಯ ಮೇಲೆ ಬರೆದ ಅಂಕಿಯ ಚೂರು, ಅದರ ಅಡಿಯ ಬಣ್ಣ, ಅದಕ್ಕೂ ಅಡಿಯ ಇನ್ನೊಂದು ಬಣ್ಣ, ಎಲ್ಲವೂ ಸಾಕ್ಷಿಯೇ. 1941ರ ಬೇಸಿಗೆಯಿಂದ ಫೈಟರ್‌ಗಳ ಬೆನ್ನಿಗೆ ಹಸಿರು ಮತ್ತು ಕಪ್ಪು, ಹೊಟ್ಟೆಗೆ ತಿಳಿನೀಲಿ ಬಳಿಯುತ್ತಿದ್ದರು. 1943ರಲ್ಲಿ ಬೆನ್ನಿನ ಬಣ್ಣ ಬದಲಾಗಿ ಎರಡು ಬಗೆಯ ಬೂದು ಬಂತು. ಬೂದಿನ ಕೆಳಗೆ ಹಸಿರು ಸಿಕ್ಕರೆ ಆ ವಿಮಾನ ಎರಡು ಕಾಲ ಕಂಡಿದೆ ಎಂದು ಊಹಿಸಬಹುದು. ನಡುವೆ ಬಿಳಿಯ ಪುಡಿಪದರವಿದ್ದರೆ ಒಂದು ಚಳಿಗಾಲವನ್ನೂ ಕಂಡಿದೆ; ಹಿಮದಲ್ಲಿ ಮರೆಸಲು ಬಳಿದು, ವಸಂತದಲ್ಲಿ ತೊಳೆದು ತೆಗೆಯುತ್ತಿದ್ದ ಬಿಳಿ ಅದು.

ಇಷ್ಟೆಲ್ಲ ಆದೇಶಗಳಲ್ಲಿ, ಬಣ್ಣದ ಹೆಸರುಗಳಲ್ಲಿ ಸಿಗುತ್ತದೆ. ಎಎಂಟಿ-4 ಹಸಿರು, ಎಎಂಟಿ-6 ಕಪ್ಪು, ಎಎಂಟಿ-7 ತಿಳಿನೀಲಿ, ಎಎಂಟಿ-12 ಕಡುಬೂದು. ಜಗಳ ಶುರುವಾಗುವುದು ಎಎಂಟಿ-11ರಲ್ಲಿ. ರಷ್ಯನ್ನಿನಲ್ಲಿ ಅದು ‘ಸೆರೊ-ಗೊಲುಬೊಯ್’. ‘ಸೆರೊ’ ಎಂದರೆ ಬೂದು. ‘ಗೊಲುಬೊಯ್’ ಎಂದರೆ ತಿಳಿನೀಲಿ. ಕಡುನೀಲಿಗೆ ಅವರಲ್ಲಿ ‘ಸೀನಿಯ್’ ಎಂಬ ಬೇರೆಯೇ ಪದವಿದೆ. ನಮಗೆ ಕೆಂಪು, ಹಳದಿ ಎಷ್ಟು ಬೇರೆಯೋ ರಷ್ಯನ್ನರಿಗೆ ಈ ಎರಡು ಅಷ್ಟೇ ಬೇರೆ. ಇಂಗ್ಲಿಷಿಗೆ ಬಂದ ಕೂಡಲೇ ಎರಡೂ ಒಂದೇ ‘ಬ್ಲೂ’ ಆಗುತ್ತವೆ, ನಾನು ಅದನ್ನು ಕನ್ನಡಕ್ಕೆ ತಂದಾಗ ‘ನೀಲಿ’. ಹೀಗೆ ಅನುವಾದದ ದಾರಿಯಲ್ಲೇ ವಿಮಾನವೊಂದು ಬೂದಿನಿಂದ ನೀಲಿಗೆ ಜಾರಿಬಿಡುತ್ತದೆ. ನಾನೂ ಒಮ್ಮೆ ಜಾರಿಸಿದ್ದೇನೆ.

ಫೋಟೋಗಳ ಕತೆ ಬೇರೆ. ಆ ಕಾಲದ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪು. ಅದರಲ್ಲೂ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಕೆಂಪು ನಕ್ಷತ್ರ ಕಪ್ಪಾಗಿ, ತಿಳಿನೀಲಿ ಹೊಟ್ಟೆ ಬಿಳಿಯಾಗಿ ಮೂಡುತ್ತದೆ. ಜರ್ಮನ್ನರು ವಶಪಡಿಸಿಕೊಂಡ ವಿಮಾನಗಳ ಕೆಲವು ಬಣ್ಣದ ಚಿತ್ರಗಳಿವೆ. ಆದರೆ ಆ ಫಿಲ್ಮಿನ ಬಣ್ಣಗಳೂ ಎಂಟು ದಶಕದಲ್ಲಿ ಮಾಸಿವೆ. ಇನ್ನು ಪೈಲಟ್‌ಗಳ ನೆನಪು. ಪ್ರಾಣ ಕೈಯಲ್ಲಿ ಹಿಡಿದು ಹಾರುತ್ತಿದ್ದವರನ್ನು ಬೂದು ಎಷ್ಟು ನೀಲಿಯಾಗಿತ್ತು ಎಂದು ಕೇಳುವುದೇ ಸ್ವಲ್ಪ ಅತಿ.

ಹಾಗಾಗಿ ಕೊನೆಗೆ ಎಲ್ಲರೂ ಚೂರಿನ ಬಳಿ ಬರುತ್ತಾರೆ. ವಸ್ತು ಸುಳ್ಳು ಹೇಳುವುದಿಲ್ಲ ಎಂದು ನಾನೂ ನಂಬಿದ್ದೆ. ಉಗುರಿನ ತುದಿಯಷ್ಟು ಬಣ್ಣದ ಚಕ್ಕೆಯನ್ನು ರಾಳದಲ್ಲಿ ಹೂತು, ಅಡ್ಡಲಾಗಿ ಕೊಯ್ದು, ನಯಗೊಳಿಸಿ ಸೂಕ್ಷ್ಮದರ್ಶಕದ ಅಡಿ ಇಡುತ್ತಾರೆ. ತಳದಲ್ಲಿ ಪ್ರೈಮರ್, ಅದರ ಮೇಲೆ ಒಂದೊಂದೇ ಪದರ, ನಡುವೆ ಎಲ್ಲೋ ಕೂತ ಧೂಳು. ಎಕ್ಸ್-ಕಿರಣ ಹಾಯಿಸಿದರೆ ಸೀಸವಿದೆಯೇ, ಕ್ರೋಮಿಯಂ ಇದೆಯೇ, ಸತುವಿದೆಯೇ ಎಂಬುದು ತಿಳಿಯುತ್ತದೆ. ಅತಿಗೆಂಪು ಕಿರಣದ ಪರೀಕ್ಷೆಯಿಂದ ಬಣ್ಣದ ಪುಡಿಯನ್ನು ಹಿಡಿದಿಟ್ಟ ಅಂಟು ಎಣ್ಣೆಯದೋ ನೈಟ್ರೋಸೆಲ್ಯುಲೋಸ್‌ನದೋ ಗೊತ್ತಾಗುತ್ತದೆ. ಆದರೆ ಸೀಸವಿದೆ ಎಂಬ ಉತ್ತರದಿಂದ, 1942ರ ಒಂದು ಬೆಳಗ್ಗೆ ಅದು ಕಣ್ಣಿಗೆ ಹೇಗೆ ಕಂಡಿತು ಎಂಬಲ್ಲಿಗೆ ದಾರಿ ದೂರ.

ಏಕೆಂದರೆ ಬಣ್ಣ ಮಣ್ಣಿನಡಿಯಲ್ಲೂ ಸುಮ್ಮನಿರುವುದಿಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಹುಟ್ಟುವ ಗಂಧಕದ ಅನಿಲ, ಕೊಳೆತ ಮೊಟ್ಟೆಯ ವಾಸನೆಯದು, ಸೀಸದ ಬಣ್ಣಗಳನ್ನು ಕಪ್ಪಾಗಿಸುತ್ತದೆ. ಪ್ರಷ್ಯನ್ ನೀಲಿ ಕ್ಷಾರ ತಗುಲಿದರೆ ಕೆಡುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ಎಣ್ಣೆ. ಬಿಳಿ ಆಯಿಲ್ ಪೇಂಟ್ ಹೊಡೆದ ಹಳೇ ಬಾಗಿಲಿನ ಮೇಲೆ ವರ್ಷಗಟ್ಟಲೆ ತೂಗಿದ ಕ್ಯಾಲೆಂಡರ್ ತೆಗೆದು ನೋಡಿ, ಅದರ ಹಿಂದಿನ ಜಾಗ ಉಳಿದದ್ದಕ್ಕಿಂತ ಹಳದಿಯಾಗಿರುತ್ತದೆ. ಎಣ್ಣೆ ಬೆಳಕಿನಲ್ಲಿ ಅಲ್ಲ, ಕತ್ತಲಲ್ಲಿ ಹಳದಿಗಟ್ಟುತ್ತದೆ. ತಿಳಿನೀಲಿಯ ಮೇಲೆ ಹೀಗೆ ಹಳದಿ ಕೂತರೆ ಏನಾಗುತ್ತದೆ ಎಂದು ಪ್ರೈಮರಿ ಶಾಲೆಯ ಮಗುವೂ ಹೇಳುತ್ತದೆ. ನನ್ನ ವಾಕ್ಯದ ‘ಹಸಿರು ಛಾಯೆ’ಯನ್ನು ಬಹುಶಃ ಯಾವ ಕಾರ್ಖಾನೆಯೂ ಬಳಿದಿರಲಿಲ್ಲ, ಅದು ಜೌಗಿನ ಕತ್ತಲೆಯಲ್ಲಿ ನಿಧಾನವಾಗಿ ಆದದ್ದು. ಅದಕ್ಕೇ ಬಲ್ಲವರು ಮೇಲ್ಮೈಯ ಬಣ್ಣ ಅಳೆಯುವ ಬದಲು ಪಟ್ಟಿಯ ಅಡಿಯ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯ ಚೂರನ್ನು ಹುಡುಕುತ್ತಾರೆ. ಅಲ್ಲಿ ಬಿಸಿಲು, ಮಳೆ, ಕೆಸರು ತಾಗಿರುವುದು ಕಡಿಮೆ. ಕತ್ತಲು ಮಾತ್ರ ಅಲ್ಲಿಯೂ ಇರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನನಗೆ ತಡವಾಗಿ ಹೊಳೆಯಿತು. ಲಾಗ್-3, ಅದರ ನಂತರ ಬಂದ ಲಾ-5, ಇವು ಬಹುಪಾಲು ಮರದ ವಿಮಾನಗಳು. ಬರ್ಚ್ ಮರದ ತೆಳು ಹಾಳೆಗಳನ್ನು ಅಂಟಿಸಿ ಮಾಡಿದ ಮೈ. ಎಂಜಿನ್ನಿನ ಹೊದಿಕೆ ಮಾತ್ರ ಲೋಹ. ನಿಯಮದಂತೆ ಮರಕ್ಕೂ ಬಟ್ಟೆಗೂ ನೈಟ್ರೋ ಅಂಟಿನ ಎಎಂಟಿ ಬಣ್ಣ, ಲೋಹಕ್ಕೆ ಎಣ್ಣೆಯ ಅಂಟಿನ ಬೇರೆ ಸಾಲಿನ ಬಣ್ಣ. ಎರಡೂ ಒಂದೇ ಹಾಗೆ ಕಾಣಬೇಕು ಎಂಬುದು ಆಶಯ. ನೆಲದಡಿಯಲ್ಲಿ ಮರ ಕೊಳೆಯುತ್ತದೆ, ಲೋಹ ಉಳಿಯುತ್ತದೆ. ಅಂದರೆ ನಮಗೆ ಸಿಗುವ ಚೂರುಗಳಲ್ಲಿ ಹೆಚ್ಚಿನವು ವಿಮಾನದ ಮೂಗಿನವು. ಮೂಗು ನೋಡಿ ಇಡೀ ಮೈಬಣ್ಣ ಹೇಳುತ್ತಿದ್ದೇವೆ.

ಪೂರ್ತಿ ಲೋಹದ ವಿಮಾನವಾದರೆ ಈ ತೊಡಕಿಲ್ಲ. 2004ರಲ್ಲಿ ರಷ್ಯಾದ ಉತ್ತರ ತುದಿಯ ಮಾರ್ಟ್-ಯಾವ್ರ್ ಸರೋವರದಿಂದ ಒಂದು ಐರಾಕೋಬ್ರಾ ಮೇಲೆ ಬಂತು. ಅಮೆರಿಕದ ಬೆಲ್ ಕಂಪನಿ ನಯಾಗರಾ ಜಲಪಾತದ ಸಮೀಪ ತಯಾರಿಸಿ, ಯುದ್ಧದ ನೆರವಾಗಿ ಸೋವಿಯತ್ತಿಗೆ ಕಳಿಸಿದ ಫೈಟರ್ ಅದು. 1944ರ ನವೆಂಬರಿನಲ್ಲಿ ಬಿದ್ದಿತ್ತು, ಪೈಲಟ್ ಲೆಫ್ಟಿನೆಂಟ್ ಇವಾನ್ ಬರನೋವ್ಸ್ಕಿ ಒಳಗೇ ಇದ್ದ. ಅಸ್ಥಿಗೆ ಸೇನಾ ಗೌರವದ ಅಂತ್ಯಸಂಸ್ಕಾರವಾಯಿತು. ವಿಮಾನ ಸುತ್ತಿ ಬಳಸಿ ತಾನು ಹುಟ್ಟಿದ ನಯಾಗರಾದ ವಸ್ತುಸಂಗ್ರಹಾಲಯವನ್ನೇ ಸೇರಿದೆ. ಅದರ ಮೈಮೇಲಿನ ಬಣ್ಣಕ್ಕೆ ಸೋವಿಯತ್ ಆದೇಶಗಳಲ್ಲಿ ಹೆಸರು ಹುಡುಕಿ ಫಲವಿಲ್ಲ. ಈ ವಿಮಾನಗಳು ಅಮೆರಿಕದ ಬಣ್ಣದಲ್ಲೇ ಬಂದು ಕೆಂಪು ನಕ್ಷತ್ರ ಹೊತ್ತು ಹಾರಿದವು.

ಮೇಲೆತ್ತಿದ ಮೇಲೂ ಅಪಾಯ ಮುಗಿಯುವುದಿಲ್ಲ. 1990ರ ದಶಕದಲ್ಲಿ ನ್ಯೂಜಿಲೆಂಡಿನ ಟಿಮ್ ವಾಲಿಸ್ ರಷ್ಯಾದಲ್ಲಿ ಬಿದ್ದಿದ್ದ ಹಲವು ಐ-16 ಫೈಟರ್‌ಗಳನ್ನು ಸಂಗ್ರಹಿಸಿ, ನೊವೊಸಿಬಿರ್ಸ್ಕ್‌ನಲ್ಲಿ ದುರಸ್ತಿ ಮಾಡಿಸಿ ಮತ್ತೆ ಹಾರಿಸಿದರು. ಅವು ಹಾರುವ ವಿಡಿಯೋ ನೋಡಿ ನಾನು ಚಪ್ಪಾಳೆ ಹೊಡೆದಿದ್ದೇನೆ, ಸುಳ್ಳೇಕೆ. ಆದರೆ ಹಾರಬೇಕೆಂದರೆ ಮರದ ಮೈ ಹೊಸದಾಗಬೇಕು. ಹೊಸ ಮರದ ಮೇಲೆ ಹಳೆಯ ಬಣ್ಣ ಇರುವುದಿಲ್ಲ. ತಗಡನ್ನು ಉಜ್ಜಿ, ಪ್ರೈಮರ್ ಬಳಿದು, ಯಾವುದೋ ಪುಸ್ತಕ ನೋಡಿ ಚೆಂದದ ಹಸಿರು ಹೊಡೆದರೆ, ಮುಂದೆ ನನ್ನಂಥವನೊಬ್ಬ ಅದೇ ವಿಮಾನದ ಫೋಟೋ ನೋಡಿ ಇನ್ನೊಂದು ವಾಕ್ಯ ಬರೆಯುತ್ತಾನೆ.

ನನ್ನ ವಾಕ್ಯ ಈಗ ನಾಲ್ಕು ಸಾಲು ಆಗಿದೆ: ಎಂಜಿನ್ ಹೊದಿಕೆಯ ಲೋಹದ ತಗಡು, ಇಂದಿನ ಬಣ್ಣ ಹಸಿರು ಮಿಶ್ರಿತ ನೀಲಿ, ಎಣ್ಣೆ ಹಳದಿಗಟ್ಟಿರುವ ಸಾಧ್ಯತೆ, ಮೂಲ ತಿಳಿನೀಲಿ ಇದ್ದಿರಬಹುದು. ಓದಲು ಮೊದಲಿನಷ್ಟು ಚೆನ್ನಾಗಿಲ್ಲ. ಕೆಳಗಿನ ಕೋಷ್ಟಕದಲ್ಲಿ ರೆಕ್ಕೆ, ಬಾಲ, ಪಕ್ಕೆ ಎಂಬ ಮೂರು ಕಲಂಗಳಿವೆ. ಮೂರೂ ಮರ. ಖಾಲಿ ಬಿಟ್ಟು ಮೇಡಂಗೆ ಕೊಟ್ಟಿದ್ದೇನೆ.