ಒಂದೇ ತೋಟದ ಪೋರ್ಟ್ ವೈನ್

ಪೋರ್ಚುಗಲ್ಲಿನ ಉತ್ತರಕ್ಕಿರುವ ಡೌರೊ ನದಿಯ ಕಣಿವೆಯಲ್ಲಿ ಒಂದೇ ತೋಟದ ದ್ರಾಕ್ಷಿಯಿಂದ ತಯಾರಿಸಿ, ತೋಟದ ಹೆಸರನ್ನೂ ಕೊಯ್ಲಿನ ವರ್ಷವನ್ನೂ ಬಾಟಲಿಯ ಮೇಲೆ ನಮೂದಿಸಿ ಮಾರುವ ಸಿಹಿ ಕೆಂಪು ವೈನ್. ಇಂಥ ತೋಟವನ್ನು ಅಲ್ಲಿ ಕಿಂತಾ ಎನ್ನುತ್ತಾರೆ. ವ್ಯಾಪಾರದಲ್ಲಿ ಇದು ಸಿಂಗಲ್ ಕಿಂತಾ ಪೋರ್ಟ್. ಬ್ಯಾಂಗಲೋರ್ ಬ್ಲೂ ದ್ರಾಕ್ಷಿಯಿಂದ ತಯಾರಾಗಿ ನಮ್ಮ ದೇಶದಲ್ಲಿ ಪೋರ್ಟ್ ಎಂದೇ ಮಾರಾಟವಾಗುವ ಅಗ್ಗದ ಸಿಹಿ ವೈನಿಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ನಂಟಿಲ್ಲ.

ಹುದುಗುತ್ತಿರುವ ದ್ರಾಕ್ಷಿ ರಸಕ್ಕೆ ಶೇ. 77ರಷ್ಟು ಆಲ್ಕೊಹಾಲ್ ಇರುವ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸಿದರೆ ಹುದುಗುವಿಕೆ ಅಲ್ಲಿಗೇ ನಿಲ್ಲುತ್ತದೆ. ಹಣ್ಣಿನ ಸಕ್ಕರೆ ಉಳಿಯುತ್ತದೆ, ಆಲ್ಕೊಹಾಲ್ ಶೇ. 20ರ ಆಸುಪಾಸಿಗೆ ಏರುತ್ತದೆ. ಎಲ್ಲ ಪೋರ್ಟ್‌ಗೂ ಇದೇ ಕ್ರಮ.

1703ರ ಮೆಥ್ಯುವೆನ್ ಒಪ್ಪಂದದಿಂದ ಪೋರ್ಚುಗೀಸ್ ವೈನಿಗೆ ಇಂಗ್ಲೆಂಡಿನಲ್ಲಿ ಸುಂಕದ ರಿಯಾಯಿತಿ ಸಿಕ್ಕಿ ಬ್ರಿಟಿಷ್ ವರ್ತಕರು ಪೋರ್ಟೊ ನಗರದಲ್ಲಿ ಬಲವಾಗಿ ಬೇರೂರಿದರು. ಕಲಬೆರಕೆ ಹೆಚ್ಚಿದಾಗ, 1756ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ ಡೌರೊ ಪ್ರದೇಶಕ್ಕೆ ಗಡಿ ಗುರುತಿಸುವ ಕೆಲಸ ಆರಂಭಿಸಿದ. ಆಗ ನೆಡಿಸಿದ ಗ್ರಾನೈಟ್ ಕಂಬಗಳಲ್ಲಿ ಹಲವು ಇಂದಿಗೂ ನಿಂತಿವೆ. ಗಡಿಯೇನೋ ಬಂತು, ತೋಟಕ್ಕೆ ಹೆಸರು ಬರಲಿಲ್ಲ. ರೈತ ನದಿಯ ಮೇಲ್ಭಾಗದ ಬಂಡೆಗುಡ್ಡದಲ್ಲಿದ್ದ, ವರ್ತಕ ನದೀಮುಖದ ವಿಲಾ ನೋವಾ ದೆ ಗಾಯಾದ ಗೋದಾಮಿನಲ್ಲಿದ್ದ. ರಬೇಲೊ ದೋಣಿಗಳಲ್ಲಿ ಇಳಿದುಬಂದ ಹತ್ತಾರು ತೋಟಗಳ ಪೀಪಾಯಿಗಳನ್ನು ವರ್ತಕ ಬೆರೆಸಿ ತನ್ನ ಹೆಸರಿನಲ್ಲಿ ಮಾರುತ್ತಿದ್ದ. 1926ರಲ್ಲಿ ಪೋರ್ಟ್ ರಫ್ತು ಗಾಯಾದ ಗೋದಾಮುಗಳಿಂದಲೇ ಆಗಬೇಕೆಂಬ ಕಟ್ಟಳೆಯೂ ಬಂದು, ಸಣ್ಣ ತೋಟಗಾರನಿಗೆ ಹೊರದೇಶದ ಬಾಗಿಲು ಮುಚ್ಚಿತು.

ಬೆರೆಸುವುದು ಮೋಸವಲ್ಲ, ಅದೊಂದು ದೊಡ್ಡ ಕೌಶಲ. ಬಿಸಿಲು ಕಾಯುವ ತಗ್ಗಿನ ತೋಟ ವೈನಿಗೆ ಮೈಕಟ್ಟು ಕೊಡುತ್ತದೆ, ಎತ್ತರದ್ದು ತಾಜಾತನ ಕೊಡುತ್ತದೆ. ಹೀಗೆ ಬೆರೆತ ಅತ್ಯುತ್ತಮ ವೈನನ್ನು ಸಂಸ್ಥೆಗಳು ಒಂದು ದಶಕದಲ್ಲಿ ಸುಮಾರು ಮೂರು ಬಾರಿ ಮಾತ್ರ 'ವಿಂಟೇಜ್' ಎಂದು ಘೋಷಿಸುತ್ತವೆ. ಉಳಿದ ವರ್ಷಗಳಲ್ಲಿಯೂ ಸಂಸ್ಥೆಯ ಸ್ವಂತ ತೋಟದಲ್ಲಿ ಒಳ್ಳೆಯ ಹಣ್ಣು ಬರುವುದುಂಟು. ಟೇಲರ್ ಸಂಸ್ಥೆ 1893ರಲ್ಲಿ ಕೊಂಡ ವಾರ್ಜೆಲಾಸ್ ತೋಟದ ವೈನನ್ನು 1958ರ ಕೊಯ್ಲಿನಿಂದ ಪ್ರತ್ಯೇಕವಾಗಿ ಹೊರತಂದದ್ದು ಈ ಕಾರಣಕ್ಕೆ. ಗ್ರಹಾಮ್ ಸಂಸ್ಥೆಯ ಮಾಲ್ವೆದೋಸ್ ಕೂಡ ಇದೇ ದಾರಿಯದು. ಹಾಗಾಗಿ ಬಹುಕಾಲ ಒಂದೇ ತೋಟದ ಪೋರ್ಟ್‌ಗೆ ಎರಡನೆಯ ಸಾಲಿನ ಸ್ಥಾನವಿತ್ತು.

ಕಿಂತಾ ದೊ ನೋವಾಲ್ ಮಾತ್ರ ಈ ಮಾತಿಗೆ ಹೊರತು. 1931ರಲ್ಲಿ ಬೆಳೆ ಚೆನ್ನಾಗಿತ್ತು. ಆದರೆ ಜಗತ್ತು ಆರ್ಥಿಕ ಕುಸಿತದಲ್ಲಿತ್ತು, 1927ರ ಸರಕೇ ಇನ್ನೂ ಖಾಲಿಯಾಗಿರಲಿಲ್ಲ. ಹೆಚ್ಚಿನ ವರ್ತಕರು ಸುಮ್ಮನಿದ್ದಾಗ ನೋವಾಲ್ ಘೋಷಿಸಿತು, ಆ ವೈನ್ ಶತಮಾನದ ಶ್ರೇಷ್ಠ ಪೋರ್ಟ್‌ಗಳ ಸಾಲಿಗೆ ಸೇರಿತು. ಅಲ್ಲಿನ ಸುಮಾರು 2 ಹೆಕ್ಟೇರಿನ 'ನಾಸಿಯೊನಾಲ್' ತುಂಡಿನ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ನಿಂತಿವೆ. 19ನೆಯ ಶತಮಾನದಲ್ಲಿ ಫಿಲಾಕ್ಸೆರಾ ಕೀಟ ಯೂರೋಪಿನ ದ್ರಾಕ್ಷಿಯ ಬೇರುಗಳನ್ನು ತಿಂದುಹಾಕಿದ ಮೇಲೆ ಅಮೆರಿಕದ ಬೇರಿಗೆ ಕಸಿ ಕಟ್ಟುವುದೇ ರೂಢಿ; ಕಸಿಯಿಲ್ಲದ ಬಳ್ಳಿ ಅಪರೂಪ.

ನಿಜವಾದ ತಿರುವು 1986ರದ್ದು. ಪೋರ್ಚುಗಲ್ ಯೂರೋಪಿಯನ್ ಸಮುದಾಯ ಸೇರಿದ ಆ ವರ್ಷ ತೋಟದಿಂದಲೇ ನೇರ ರಫ್ತಿಗೆ ಅವಕಾಶ ಸಿಕ್ಕಿತು. ತಲೆಮಾರುಗಳಿಂದ ವರ್ತಕರಿಗೆ ವೈನ್ ಒಪ್ಪಿಸುತ್ತಿದ್ದ ಕುಟುಂಬಗಳು ತಮ್ಮ ಹೆಸರನ್ನೇ ಬಾಟಲಿಗೆ ಅಂಟಿಸಿದವು. 1989ರಲ್ಲಿ ಸಿಮಿಂಗ್ಟನ್ ಕುಟುಂಬ ಕೊಂಡ ವೆಸೂವಿಯೊ ತೋಟ ಈ ವರ್ಗದ ಮಾನವನ್ನು ಇನ್ನಷ್ಟು ಎತ್ತರಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದೋನಾ ಅಂತೋನಿಯಾ ಫೆರೈರಾ ಎಂಬ ಮಹಿಳೆಯ ಒಡೆತನದಲ್ಲಿದ್ದ ಈ ತೋಟದಲ್ಲಿ 1827ರ ಗ್ರಾನೈಟ್ ತೊಟ್ಟಿಗಳಿವೆ. ಅವುಗಳಲ್ಲಿ ಹಣ್ಣನ್ನು ಇಂದಿಗೂ ಕಾಲಿನಿಂದ ತುಳಿಯುತ್ತಾರೆ. ವೆಸೂವಿಯೊ ಯಾವ ಬೆರಕೆಯ ತಮ್ಮನೂ ಅಲ್ಲ. ಅದರ ಉತ್ತಮ ವೈನ್ ತೋಟದ ಹೆಸರಿನಲ್ಲೇ ಹೊರಬರುತ್ತದೆ.

ಈ ಪೋರ್ಟ್‌ನ ಸೆಳೆತ ಇರುವುದು ನೆಲದಲ್ಲಿ. ವಾರ್ಜೆಲಾಸ್ ನದಿಯ ದಕ್ಷಿಣ ದಡದಲ್ಲಿ ಉತ್ತರಕ್ಕೆ ಮುಖ ಮಾಡಿದೆ, ಅದರ ವೈನಿನಲ್ಲಿ ಹೂವಿನ ಪರಿಮಳ ಮುಂದಾಗಿರುತ್ತದೆ. ಉತ್ತರ ದಡದ ಮಾಲ್ವೆದೋಸ್‌ಗೆ ಬಿಸಿಲು ಹೆಚ್ಚು. ಅದರದು ಹೆಚ್ಚು ಸಿಹಿಯಾದ, ತುಂಬಿದ ರುಚಿ. ಬೆರಕೆಯಲ್ಲಿ ಕರಗಿಹೋಗುವ ಈ ಭೇದ ಇಲ್ಲಿ ನಾಲಗೆಗೆ ಸ್ಪಷ್ಟವಾಗಿ ಸಿಗುತ್ತದೆ. ಸಂಸ್ಥೆಗಳ ಘೋಷಿತ ವಿಂಟೇಜ್‌ಗಿಂತ ಇದು ಸಾಮಾನ್ಯವಾಗಿ ಅಗ್ಗ, ಮಾಗುವುದೂ ಬೇಗ. ಬಾಟಲಿಯ ತಳದಲ್ಲಿ ಗಷ್ಟು ಕಟ್ಟುವುದರಿಂದ ಕುಡಿಯುವ ಮುನ್ನ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಬೇಕು. ತೆರೆದ ಮೇಲೆ ಎರಡು ಮೂರು ದಿನಗಳಲ್ಲಿ ಮುಗಿಸುವುದು ಒಳ್ಳೆಯದು.