ಕಂಡವರೆಷ್ಟು, ಒತ್ತಿದವರೆಷ್ಟು

ಜಾಹೀರಾತನ್ನು ಕಂಡವರಲ್ಲಿ ಎಷ್ಟು ಮಂದಿ ಅದಕ್ಕೆ ಓಗೊಟ್ಟರೆಂಬ ಲೆಕ್ಕವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ವರ್ತಕರು, ಒಂದೇ ಜಾಹೀರಾತನ್ನು ಹಲವು ಪತ್ರಿಕೆಗಳಿಗೆ ಕೊಡುವಾಗ, ಓದುಗರು ಕತ್ತರಿಸಿ ಕಳುಹಬೇಕಾದ ಕೂಪನ್ನಿನ ಮೂಲೆಯಲ್ಲಿ ಪತ್ರಿಕೆಗೊಂದರಂತೆ ಗುರುತಿನ ಅಕ್ಷರವನ್ನೋ, ವಿಳಾಸದಲ್ಲಿ ವಾಸ್ತವವಾಗಿ ಇಲ್ಲದ ವಿಭಾಗವೊಂದರ ಸಂಖ್ಯೆಯನ್ನೋ ಅಚ್ಚು ಹಾಕಿಸಿ, ಬಂದ ಲಕೋಟೆಗಳನ್ನು ಆ ಗುರುತಿನ ಪ್ರಕಾರ ವಿಂಗಡಿಸಿ ಎಣಿಸುತ್ತಿದ್ದರು. 1923ರಲ್ಲಿ ಕ್ಲಾಡ್ ಹಾಪ್ಕಿನ್ಸನು ತನ್ನ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಗ್ರಂಥದಲ್ಲಿ ಇಂಥ ಎಣಿಕೆಯ ಪರವಾಗಿಯೇ ವಾದಿಸಿದನು. ಆದರೆ ಈ ಲೆಕ್ಕದಲ್ಲಿ ಅಂಶವಿತ್ತೇ ಹೊರತು ಛೇದವಿರಲಿಲ್ಲ: ಪತ್ರಿಕೆಯ ಪ್ರಸಾರವು ತಿಳಿದಿದ್ದರೂ, ಆ ಪುಟವನ್ನು ನಿಜವಾಗಿ ತೆರೆದವರ ಸಂಖ್ಯೆ ತಿಳಿಯುವಂತಿರಲಿಲ್ಲ.

1994ರ ಅಕ್ಟೋಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ‘ವೈರ್ಡ್’ ಪತ್ರಿಕೆಯ ಬಳಗವು ‘ಹಾಟ್‌ವೈರ್ಡ್’ ಜಾಲತಾಣವನ್ನು ತೆರೆದಾಗ ಛೇದವೂ ಕೈಗೆ ಬಂದಿತು; ಪುಟವನ್ನು ಕಳುಹುವ ಯಂತ್ರವೇ ಪ್ರತಿ ರವಾನೆಯನ್ನೂ ಪ್ರತಿ ಕ್ಲಿಕ್ಕನ್ನೂ ದಾಖಲಿಸಿಕೊಳ್ಳಬಲ್ಲುದಾಗಿದ್ದುದರಿಂದ, ಇಂದು ಕ್ಲಿಕ್ ಥ್ರೂ ರೇಟ್ ಎನಿಸಿಕೊಂಡಿರುವ ದರವು ಸಾಧ್ಯವಾಯಿತು. ಅಲ್ಲಿ ಎಟಿ ಅಂಡ್ ಟಿ ದೂರವಾಣಿ ಸಂಸ್ಥೆಯ ಬ್ಯಾನರು, ಇಲ್ಲಿ ಎಂದಾದರೂ ಕ್ಲಿಕ್ ಮಾಡಿರುವಿರಾ ಎಂದು ಕೇಳಿ, ಇನ್ನು ಮಾಡುವಿರಿ ಎಂದು ತಾನೇ ಉತ್ತರವಿತ್ತು, ಒತ್ತಿದವರನ್ನು ಕಲಾಸಂಗ್ರಹಾಲಯಗಳ ದರ್ಶನಕ್ಕೆ ಕರೆದೊಯ್ಯುತ್ತಿತ್ತು. ನೂರಕ್ಕೆ 44 ಮಂದಿ ಒತ್ತಿದರೆಂಬುದು ಪ್ರಸಿದ್ಧವಾದ ಮಾತು. ಇದನ್ನು ಜಾಹೀರಾತಿನ ಜಯವೆಂದು ಕೊಂಡಾಡುವುದು ನನಗೆ ಸಮ್ಮತವಲ್ಲ. ಅವರನ್ನು ಸೆಳೆದುದು ಹೊಸತಿನ ಕುತೂಹಲವೇ ಸರಿ. ಕುತೂಹಲವು ಇಂಗಿದಂತೆ ಬ್ಯಾನರುಗಳ ದರವು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಓದುಗರ ಕಣ್ಣು ಅವನ್ನು ಕಂಡೂ ಕಾಣದಂತೆ ದಾಟಿಹೋಗುವುದನ್ನು ಸಂಶೋಧಕರು 1998ರಲ್ಲಿಯೇ ಗುರುತಿಸಿದರು.

ಈ ದರಕ್ಕೆ ಘನತೆಯನ್ನು ತಂದುದು ಹುಡುಕುತಾಣಗಳು. 1998ರಲ್ಲಿ ಬಿಲ್ ಗ್ರಾಸನ ಗೋಟೂ ಸಂಸ್ಥೆಯು ಹುಡುಕುವ ಪದಗಳನ್ನೇ ಹರಾಜಿಗಿಟ್ಟು, ಕ್ಲಿಕ್ಕೊಂದಕ್ಕೆ ಹೆಚ್ಚು ಬೆಲೆ ಕೂಗಿದವನನ್ನು ಮೇಲಕ್ಕೇರಿಸಿತು. ಆ ಶ್ರೇಣಿಯ ನಿರ್ಣಯದಲ್ಲಿ ಓದುಗನ ಒಲವಿಗೆ ಎಡೆಯಿರಲಿಲ್ಲ. 2002ರಲ್ಲಿ ಗೂಗಲ್ ಸಂಸ್ಥೆಯು ಕೂಗಿದ ಬೆಲೆಯನ್ನು ಕ್ಲಿಕ್ ದರದಿಂದ ಗುಣಿಸತೊಡಗಿತು. ಒಬ್ಬನು 1 ಡಾಲರು ಕೂಗಿ, ಅವನ ಜಾಹೀರಾತನ್ನು ನೂರರಲ್ಲಿ ಒಬ್ಬನೇ ಒತ್ತಿದರೆ ಹುಟ್ಟುವಳಿ 1 ಡಾಲರು. ಅರ್ಧ ಡಾಲರು ಕೂಗಿದವನದನ್ನು ಮೂವರು ಒತ್ತಿದರೆ ಒಂದೂವರೆ. ಮೇಲಿನ ಸ್ಥಾನವು ಎರಡನೆಯವನಿಗೇ ಸಲ್ಲುವುದು. ಹಣದ ಬಲವೊಂದೇ ಸಾಲದೆ, ಓದುಗನ ಉಪೇಕ್ಷೆಯೂ ಲೆಕ್ಕಕ್ಕೆ ಬಂದುದರಿಂದ, ಈ ಸರಳ ಗುಣಾಕಾರವನ್ನು ನಾನು ಜಾಹೀರಾತಿನ ಚರಿತ್ರೆಯ ಅತ್ಯಂತ ನ್ಯಾಯವಾದ ತಿರುವೆಂದೇ ಎಣಿಸುತ್ತೇನೆ. ಆದರೂ ಬಣ್ಣದ ಮಾತಿನಿಂದ ಕ್ಲಿಕ್ಕನ್ನು ಗಿಟ್ಟಿಸಿ, ಒಳಗೆ ಏನೂ ಇಲ್ಲದ ಪುಟವನ್ನು ತೋರಿಸುವವರಿಗೆ ಬರವಿರಲಿಲ್ಲವಾದಕಾರಣ, 2005ರಲ್ಲಿ ಆ ಸಂಸ್ಥೆಯು, ಒತ್ತಿದವನು ಹೋಗಿ ಸೇರುವ ಪುಟದ ಗುಣವನ್ನೂ ದರದ ಜೊತೆಗೆ ತೂಗಲು ಆರಂಭಿಸಿತು.