ಬ್ಯಾಡಗಿಯ ಮೆಣಸಿನಕಾಯಿ, ಬಾಸ್ಟನ್ನಿನ ಬರ್ಫ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆಯಲ್ಲಿ ಆಕಾಶದಿಂದ ಬೀಳುವ ಬರ್ಫವೆಂದರೆ ಆಣೆಕಲ್ಲು ಒಂದೇ. ಮುಂಗಾರಿಗೆ ಮುಂಚಿನ ಗುಡುಗುಮಳೆಯ ಜೊತೆ, ತಗಡಿನ ಮಾಡಿನ ಮೇಲೆ ಸದ್ದು ಮಾಡುತ್ತ ಅದು ಬರುತ್ತದೆ. ಮಕ್ಕಳು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಾರೆ; ಕಣದಲ್ಲಿ ಮೆಣಸಿನಕಾಯಿ ಹರವಿದ ರೈತ ತಾಡಪತ್ರಿ ಹುಡುಕುತ್ತಾನೆ. ಹಳೆಯ ಕನ್ನಡ ಇದನ್ನು ವಾರಿಕಲ್ಲು ಎಂದು ಕರೆಯಿತು. ವಾರಿ ಎಂದರೆ ನೀರು. ನೀರೇ ಕಲ್ಲಾದದ್ದು ಎಂಬ ಅರ್ಥ ಹೆಸರಿನಲ್ಲೇ ಇದೆ. ಅಂಗಳದಲ್ಲಿ ಚದುರಿ ಬಿದ್ದ ಆಣೆಕಲ್ಲು ನೋಡನೋಡುತ್ತಿದ್ದಂತೆ ನೀರಾಗುತ್ತದೆ, ಗೋಡೆಯ ಮೂಲೆಯಲ್ಲಿ ರಾಶಿ ಬಿದ್ದದ್ದು ಮಾತ್ರ ಬಿಸಿಲು ಬಂದ ಮೇಲೂ ಬಹಳ ಹೊತ್ತು ಉಳಿಯುತ್ತದೆ. ಇದು ಏಕೆ ಹೀಗೆ?

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಕರಗುವ ಬಿಂದು ಮುಟ್ಟಿದ ಮಂಜುಗಡ್ಡೆಗೆ ಇನ್ನಷ್ಟೇ ಅಷ್ಟು ಶಾಖ ಕೊಟ್ಟರೆ ಸಾಕು, ಎಲ್ಲ ನೀರಾಗುತ್ತದೆ ಎಂದು ಆಗ ವಿದ್ವಾಂಸರು ನಂಬಿದ್ದರು. ಹಾಗಿದ್ದರೆ ಚಳಿಗಾಲ ಮುಗಿದ ಮೊದಲ ಬೆಚ್ಚನೆಯ ದಿನವೇ ಬೆಟ್ಟಗಳ ಹಿಮವೆಲ್ಲ ಒಮ್ಮೆಲೇ ಕರಗಿ ಕಣಿವೆಗಳು ಕೊಚ್ಚಿಹೋಗಬೇಕಿತ್ತಲ್ಲ, ಎಂದು ಬ್ಲ್ಯಾಕ್ ವಾದಿಸಿದ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಪ್ರಯೋಗ ಮಾಡಿ, ಮಂಜುಗಡ್ಡೆ ಕರಗುವಾಗ ಅಪಾರ ಶಾಖವನ್ನು ನುಂಗುತ್ತದೆ, ಆದರೆ ಉಷ್ಣಮಾಪಕದ ಪಾದರಸ ಮೇಲೇರುವುದಿಲ್ಲ ಎಂದು ತೋರಿಸಿದ. ಇದೇ ಗುಪ್ತೋಷ್ಣ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟೇ ಶಾಖದಿಂದ ಒಂದು ಗ್ರಾಂ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು.

ಹಿಮದ ನಾಡಿನಲ್ಲಿ ಬದುಕುಳಿಯುವ ಕಂಪ್ಯೂಟರ್ ಆಟಗಳನ್ನು ಕಟ್ಟುವವರು ಇಂದಿಗೂ ಎಡವುವುದು ಇಲ್ಲಿಯೇ. ಹವೆ ಸೊನ್ನೆ ಡಿಗ್ರಿ ದಾಟಿದೊಡನೆ ಪರದೆಯ ಮೇಲಿನ ಬಿಳುಪನ್ನೆಲ್ಲ ಅಳಿಸಿಬಿಡುವುದು ಸುಲಭ. ಆದರೆ ಬ್ಲ್ಯಾಕ್ ಅಲ್ಲಗಳೆದ ಹಳೆಯ ನಂಬಿಕೆಯೂ ಅದೇ! ನಿಜವಾದ ಹಿಮ ಸಾಲ ತೀರಿಸುವವನ ಹಾಗೆ, ದಿನದ ಶಾಖದ ಲೆಕ್ಕಕ್ಕೆ ತಕ್ಕಷ್ಟೇ ಕರಗುತ್ತದೆ. ನೆರಳಿನಲ್ಲಿ ನಿಧಾನ, ಬಿಸಿಲಿನಲ್ಲಿ ಬೇಗ. ದೊಡ್ಡ ರಾಶಿಗೆ ತೂಕ ಹೆಚ್ಚು, ಗಾಳಿಗೆ ಒಡ್ಡಿದ ಮೈ ಕಡಿಮೆ.

ಈ ಲೆಕ್ಕವನ್ನು ನಂಬಿ ಹಣ ಹೂಡಿದವನು ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್. 1833ರ ಮೇ ತಿಂಗಳಲ್ಲಿ ಅವನ ಸರಕಿನೊಂದಿಗೆ 'ಟಸ್ಕನಿ' ಎಂಬ ಹಡಗು ಬಾಸ್ಟನ್ ಬಿಟ್ಟಿತು. ಅದರಲ್ಲಿದ್ದದ್ದು ಅಮೆರಿಕದ ಕೆರೆಗಳಿಂದ ಚಳಿಗಾಲದಲ್ಲಿ ಕೊಯ್ದ ಸುಮಾರು 180 ಟನ್ ಮಂಜುಗಡ್ಡೆ. ನಾಲ್ಕು ತಿಂಗಳ ಪಯಣ; ದಾರಿಯಲ್ಲಿ ಎರಡು ಬಾರಿ ಸಮಭಾಜಕ ವೃತ್ತ. ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಇತ್ತು. ಗವರ್ನರ್ ಜನರಲ್ ಬೆಂಟಿಂಕ್ ಸಂತೋಷದಿಂದ ಟ್ಯೂಡರನ ಪ್ರತಿನಿಧಿಗೆ ಬೆಳ್ಳಿಯ ಬಟ್ಟಲು ಕೊಟ್ಟ. ಈ ವ್ಯಾಪಾರದ ಗುಟ್ಟು ಯಾವ ಯಂತ್ರವೂ ಅಲ್ಲ. ಒತ್ತಾಗಿ ಜೋಡಿಸಿದ ಗಡ್ಡೆ, ಸುತ್ತ ಹುಲ್ಲು, ಮರದ ಹೊಟ್ಟು, ಕರಗಿದ ನೀರು ಹೊರಹೋಗಲು ದಾರಿ. ಮದರಾಸಿನಲ್ಲಿ 1842ರಲ್ಲಿ ಕಟ್ಟಿದ 'ಐಸ್ ಹೌಸ್' ಈಗಲೂ ಸಮುದ್ರದಂಡೆಯಲ್ಲಿದೆ. 1897ರಲ್ಲಿ ವಿವೇಕಾನಂದರು ತಂಗಿದ್ದರಿಂದ ಅದು ಇಂದು ಅವರ ಹೆಸರಿನಲ್ಲಿದೆ. ಉಗಿಯಂತ್ರದಿಂದ ಬರ್ಫ ಮಾಡುವ ಕಾರ್ಖಾನೆಗಳು 1870ರ ದಶಕದಲ್ಲಿ ಬಂದವು, ಹಡಗಿನ ವ್ಯಾಪಾರ ಮುಳುಗಿತು.

ಮುಳುಗಿದರೂ ಒಂದು ಗುರುತು ಬಿಟ್ಟುಹೋಯಿತು. ಮನೆಯ ಏ.ಸಿ.ಯನ್ನು ಒಂದೂವರೆ ಟನ್ನಿನದು ಎನ್ನುತ್ತೇವಲ್ಲ, ಅದು ಯಂತ್ರದ ತೂಕವಲ್ಲ. ಅಮೆರಿಕದ ಒಂದು ಟನ್, ಅಂದರೆ 907 ಕಿಲೊ ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತ ಎಷ್ಟು ಶಾಖ ಹೀರುವುದೋ ಅಷ್ಟನ್ನು ಹೀರುವ ಶಕ್ತಿಯೇ 'ಒಂದು ಟನ್'. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳ ಯಂತ್ರಗಳನ್ನು ಅಳೆಯುವುದೂ ಈ ಟನ್ನಿನಿಂದಲೇ.

ಸುಕ್ಕುಗಟ್ಟಿದ ಮೈ, ಕಡಿಮೆ ಖಾರ, ಗಾಢ ಕೆಂಪು, ಇದು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇಲ್ಲಿ ಬೆಲೆ ಇರುವುದು ಬಣ್ಣಕ್ಕೆ. ಬೇಸಿಗೆಯ ಸೆಕೆಯಲ್ಲಿ ಗೋದಾಮಿನಲ್ಲಿಟ್ಟರೆ ಕೆಂಪು ತಿಂಗಳು ತಿಂಗಳಿಗೂ ಮಾಸುತ್ತದೆ, ಹುಳ ಹತ್ತುತ್ತದೆ. ಆದ್ದರಿಂದಲೇ ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದಿವೆ. ಒಳಗೆ ಬರ್ಫವಿಲ್ಲ, ದ್ರವ ಅಮೋನಿಯ ಕೊಳವೆಗಳಲ್ಲಿ ಆವಿಯಾಗುತ್ತ ಶಾಖವನ್ನು ಎಳೆದುಕೊಳ್ಳುತ್ತದೆ. ಕರಗುವುದರ ಬದಲು ಕುದಿಯುವುದು ಅಷ್ಟೇ, ಬ್ಲ್ಯಾಕ್ ಕಂಡ ಗುಪ್ತೋಷ್ಣ ಇಲ್ಲಿಯೂ ದುಡಿಯುತ್ತದೆ. ಮರದ ಹೊಟ್ಟಿನ ಜಾಗಕ್ಕೆ ಥರ್ಮೊಕೋಲಿನಂಥ ವಸ್ತುಗಳು ಬಂದಿವೆ. ಬೀಜೋತ್ಪಾದನೆಗೆ ಹೆಸರಾದ ನೆರೆಯ ರಾಣೆಬೆನ್ನೂರಿಗೂ ಈ ತಂಪು ಬೇಕು. ಬಿತ್ತನೆ ಬೀಜ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದು ತಂಪು ಮತ್ತು ಒಣ ಹವೆಯಲ್ಲಿ.

ಆದರೆ ತಂಪಿಗೆ ಬಾಡಿಗೆ ಉಂಟು. ಬಾಡಿಗೆ ಕೊಟ್ಟು ಕಾಯಬಲ್ಲವನು ಬೆಲೆ ಏರುವವರೆಗೆ ಕಾಯುತ್ತಾನೆ. ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿ ಬಾಡಿಗೆಗೂ ಸಾಲ ಮಾಡಿ ಬಂದವನು ಅಂದೇ ಮಾರಬೇಕು. ಒಳ್ಳೆಯ ವರ್ಷದಲ್ಲಿ ಕೂಡಿಟ್ಟ ಚೀಲಗಳು ಮರುವರ್ಷದ ಹೊಸ ಮಾಲಿಗೆ ಎದುರಾಳಿಯಾಗಿಯೂ ನಿಲ್ಲುತ್ತವೆ. 2024ರ ಮಾರ್ಚ್ 11ರ ಸೋಮವಾರ ಬೆಲೆ ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು.

ಮಾರುಕಟ್ಟೆ ಸೋಮವಾರ ಮತ್ತು ಗುರುವಾರ ನಡೆಯುತ್ತದೆ. ಕೋಲ್ಡ್ ಸ್ಟೋರೇಜಿನಿಂದ ಹೊರತೆಗೆದ ಚೀಲವನ್ನು ಕೂಡಲೇ ಬಿಚ್ಚಬಾರದು; ಹೊರಗಿನ ಬಿಸಿ ಗಾಳಿಯ ತೇವ ತಣ್ಣನೆಯ ಕಾಯಿಯ ಮೇಲೆ ಇಬ್ಬನಿಯಂತೆ ಕೂತು ಬಣ್ಣ ಕೆಡಿಸುತ್ತದೆ. ಕಾಯಿ ಹೊರಗಿನ ಹವೆಗೆ ಹೊಂದುವವರೆಗೆ ಚೀಲದ ಬಾಯಿ ಕಟ್ಟಿಯೇ ಇರಬೇಕು.